ನೌಸಾದರ್

ಏಪ್ರಿಲ್ಲಿನ ಕಲಬುರಗಿ. ಲ್ಯಾಬಿನಲ್ಲಿ ಕರೆಂಟಿಲ್ಲ.
ಸಿಂಕಿನ ನಲ್ಲಿ ತಿರುವಿದರೆ
ಮೊದಲೆರಡು ನಿಮಿಷ ಚಹಾಕ್ಕಿಟ್ಟಂಥ ನೀರು.

ಬೋರ್ಡಿನ ಮೇಲೆ ಬೀಕರಿನ ಚಿತ್ರ ಬರೆದೆ.
ಒಳಗಿನದು ವ್ಯವಸ್ಥೆ. ಉಳಿದದ್ದೆಲ್ಲ ಪರಿಸರ:
ನಾನು, ನೀವು, ಜಗತ್ ಸರ್ಕಲ್ಲು, ಆ ಬಿಸಿಲು.
"ನಡುವಿನ ಎಲ್ಲೆ ಎಲ್ಲದ್ರೀ ಸರ್?" ಹಿಂದಿನ ಬೆಂಚು ಕೇಳಿತು.
ಗಾಜು, ಎಂದೆ. ಸುಲಭದ ಉತ್ತರ.

ನೂರು ಮಿಲಿ ನೀರು. ಮೂವತ್ತಾರು ಡಿಗ್ರಿ.
ಬಾಟಲಿಯ ಲೇಬಲ್ಲು ಎಂದೋ ಅಳಿಸಿದೆ,
ತಹಸೀನ ಪುಡಿಯನ್ನು ಬೆರಳಲ್ಲಿ ತಿಕ್ಕಿ
"ನೌಸಾದರ್ ಇದು," ಅಂದಳು. "ಅಬ್ಬಾನ ಡಬ್ಬ್ಯಾಗ ಅದ."

ಅವಳಪ್ಪ ಶಹಾಬಜಾರಿನಲ್ಲಿ ಕಲಾಯಿ ಹಾಕುವವರು.
ತಿದಿ ಒತ್ತಿ, ತಾಮ್ರದ ಹಂಡೆ ಕಾಯಿಸಿ
ಒಂದು ಚಿಟಿಕೆ ಎರಚಿದರೆ ಬುಸ್ಸನೆ ಬಿಳಿ ಹೊಗೆ,
ಓಣಿಯೆಲ್ಲ ಕೆಮ್ಮು;
ತಳದ ಕಪ್ಪು ಕೈಬಿಟ್ಟು
ಹತ್ತಿಯ ಉಂಡೆಯ ಹಿಂದೆ ತವರ ಬೆಳ್ಳಗೆ ಓಡುತ್ತದೆ.
ಬೆಂಕಿಯ ಜೊತೆಗಲ್ಲದೆ
ಈ ಉಪ್ಪನ್ನು ಅವಳು ಕಂಡವಳೇ ಅಲ್ಲ.

ಇಪ್ಪತ್ತು ಗ್ರಾಂ ಸುರಿದಳು. ಕಲಕಿದಳು.
ಪಾದರಸ ಹಿಂದೆ ಸರಿಯಿತು:
ಮೂವತ್ತು, ಇಪ್ಪತ್ತೆಂಟು,
ಇಪ್ಪತ್ತಾರು.

"ಉರಿ ಕೊಡದ ನಮ್ಮಲ್ಲಿ ಇದು ಕೆಲಸಾನೇ ಮಾಡಂಗಿಲ್ಲ.
ಇಲ್ಲಿ ಯಾರೂ ಏನೂ ಕೊಟ್ಟಿಲ್ಲ.
ಮತ್ತ ಯಾಕ ಕರಗ್ತು, ಸರ್?"

ಹರಳೊಳಗೆ ಅಯಾನುಗಳು ಸಾಲು ಹಿಡಿದು ನಿಂತಿದ್ದವು, ಎಂದೆ.
ಚದುರಲು ಜಾಗ ಸಿಕ್ಕಿತು.
ನೀರಿನ ಶಾಖವನ್ನೇ ಕೈಗಡ ತೆಗೆದು ಹೊರಟುಬಿಟ್ಟವು.
ಆ ಆಸೆಗೆ ಎಂಟ್ರೊಪಿ ಎಂದು ಹೆಸರು.
(ಆಸೆ ಅಂದದ್ದು ತಪ್ಪು. ಅದು ಬರೀ ಲೆಕ್ಕ:
ಸಾಲಾಗಿ ನಿಲ್ಲುವ ಬಗೆ ಕೆಲವು,
ಚದುರಿ ಇರುವ ಬಗೆಗೆ ಎಣಿಕೆಯೇ ಇಲ್ಲ.)
"ಸಾಲಿ ಬಿಟ್ಟಂಗ," ಅಂದಳು.
ನನ್ನ ಇಪ್ಪತ್ತು ವರ್ಷದ ನೋಟ್ಸಿನಲ್ಲಿ ಅದು ಇರಲಿಲ್ಲ.

"ಕೈಗಡ ವಾಪಸ್ ಕೊಡ್ತಾವೇನ್ರೀ?"
ಕೊಡುತ್ತವೆ. ಮತ್ತೆ ಹರಳು ಕಟ್ಟುವ ದಿನ,
ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿಯಿಲ್ಲ.
"ನಮ್ಮ ಗಿರಾಕಿಗಳಿಗಿಂತ ಚಲೋ."

ಸಮೀಕರಣ ಬರೆಯಲು ಬೋರ್ಡಿನ ಕಡೆ ತಿರುಗಿದೆ.
ಮತ್ತೆ ಈ ಕಡೆ ನೋಡಿದರೆ
ಮುಂಗೈ ಮೇಲಿನ ಬೊಬ್ಬೆಗೆ,
ನಿನ್ನೆಯದೋ ಮೊನ್ನೆಯದೋ ಕುಲುಮೆಯ ಕಿಡಿ,
ನಾಣ್ಯದಷ್ಟಗಲ,
ಬೀಕರನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದ್ದಳು.
ಇಪ್ಪತ್ತೇಳು.
ಇಪ್ಪತ್ತೆಂಟೂವರೆ.
ರೀಡಿಂಗ್ ಕೆಟ್ಟಿತು. ಬಿಡು ಎನ್ನಲು ನಾಲಿಗೆ ಬರಲಿಲ್ಲ.

ರೆಕಾರ್ಡಿನಲ್ಲಿ, ದೋಷದ ಕಾರಣ ಬರೆಯುವಲ್ಲಿ,
ದುಂಡು ಅಕ್ಷರದಲ್ಲಿ ಅವಳು ಬರೆದಿದ್ದಳು:
ಪರಿಸರದಿಂದ ಸ್ವಲ್ಪ ಶಾಖ ಒಳಗೆ ಹೋಗಿದೆ.

ಸಹಿ ಹಾಕಿದೆ.