ಚಳ್ಳಕೆರೆಯಲ್ಲಿ ಅರ್ಧ ದಿನ

ಬಸ್ಸಿಳಿದರೆ ಮೊದಲು ಸಿಗುವುದು ವಾಸನೆ:
ಗಾಣ ನಿಂತು ವರ್ಷಗಳಾದರೂ
ಗೋಡೆ ಇನ್ನೂ ಶೇಂಗಾ ಎಣ್ಣೆ ಬೆವರುತ್ತದೆ.

ಕಂಬಳಿ ಸಂತೆಯಲ್ಲಿ ಮಾಳಮ್ಮ
ಅಂಚು ಕೈಗಿಟ್ಟು ಮೂಸಿ ನೋಡು ಅಂದಳು.
ಹುಣಸೆಬೀಜದ ಗಂಜಿ, ಕುರಿಯ ಮೈ,
ಸ್ವಲ್ಪ ಹೊಗೆ.
"ನೀರು ಹುಯ್ದು ನೋಡು ತಾಯಿ,
ಒಳಗಿಳಿದ್ರೆ ದುಡ್ಡು ವಾಪಸ್ಸು."
ಹುಯ್ದೆ. ಹನಿ ಉರುಳಿ ನನ್ನ ಚಪ್ಪಲಿಗೇ ಬಿತ್ತು.

ಈ ಪೇಟೆ ಎಷ್ಟು ಹಳೇದು, ಕೇಳಿದೆ.
ಅವಳು ಮೊಳ ಹಾಕುತ್ತಲೇ ಇದ್ದಳು,
ಮೊಣಕೈಯಿಂದ ಬೆರಳ ತುದಿಗೆ,
ಮತ್ತೆ ಮೊಣಕೈಯಿಂದ.

ಮಧ್ಯಾಹ್ನ ಊರಾಚೆ ಕಾವಲಿಗೆ ನಡೆದೆ.
ಒಣಹುಲ್ಲು, ತಂತಿಬೇಲಿ, ಬೇಲಿಗೆ
ಸಿಕ್ಕಿಕೊಂಡ ಒಂದೆಳೆ ಕರಿ ಉಣ್ಣೆ.
ಬಿಡಿಸಿ ಬೆರಳಿಗೆ ಸುತ್ತಿಕೊಂಡೆ.

ಶಾಸನದ ಕಲ್ಲು ಹುಡುಕಿಕೊಂಡು ಬಂದವಳು
ಕಂಬಳಿ ಹೊತ್ತು ಬಸ್ಸು ಹತ್ತಿದೆ.
ಕಂಡಕ್ಟರ್, ನಗದೆ,
ಅದಕ್ಕೂ ಅರ್ಧ ಟಿಕೆಟ್ ಹರಿದ.