ಖರಗೌಲಿಯಲ್ಲಿ ಒಂದು ಮನೆ ನೋಡಿದ್ದು

ದಾರ ಹಿಡಿದು ಅಳೆದವನು ಗೋಚಾ.
ಗೋಡೆಯ ನಕ್ಷೆಯಲ್ಲಿ ರೈಲು ಹಳಿಯ ಗುಂಟ
ಟಿಬಿಲಿಸಿಯಿಂದ ಬಟುಮಿಗೆ, ತಿರುವು ತಿರುವಿಗೂ ಬೆರಳೂರಿ,
ಆಮೇಲೆ ದಾರವನ್ನು ಎರಡಾಗಿ ಮಡಚಿ
ಮಡಿಕೆ ಬಿದ್ದಲ್ಲಿ ಉಗುರು ಒತ್ತಿ
"ಇಗೋ, ಇಲ್ಲಿ" ಅಂದ.

ಖರಗೌಲಿ.
ಆರು ವರ್ಷ, ಶುಕ್ರವಾರ ಶುಕ್ರವಾರ
ನಮ್ಮಲ್ಲೊಬ್ಬರು ನಿದ್ದೆಯಲ್ಲೇ ದಾಟಿದ ಊರು.

ಗೋಚಾನಿಗೆ ಕೆಲಸ ನೆಲದ ಕೆಳಗೆ:
ಮೆಟ್ರೋದ ಎಸ್ಕಲೇಟರುಗಳ ಹೊಟ್ಟೆ ಬಿಚ್ಚಿ
ಹಲ್ಲಿಗೆ ಹಲ್ಲು ಕೂರಿಸುವವನು. ಬೆರಳ ಸಂದಿನ ಗ್ರೀಸು
ನಮ್ಮ ಮದುವೆಯ ಫೋಟೋದಲ್ಲೂ ಇದೆ.
ನನಗೆ ಬಂದರಿನ ಗೋಪುರದಲ್ಲಿ ರಾತ್ರಿಪಾಳಿ:
ಕತ್ತಲಲ್ಲಿ ಬಂದು ನಿಂತ ಹಡಗುಗಳಿಗೆ ರೇಡಿಯೋದಲ್ಲಿ
ಕಾಯಿರಿ, ಇನ್ನೂ ಜಾಗವಿಲ್ಲ, ಕಾಯಿರಿ
ಎಂದು ಹೇಳುವುದು. ಚೆನ್ನಾಗಿ ಹೇಳುತ್ತೇನೆ.
ಅಭ್ಯಾಸವಿದೆ.

ಅತ್ತೆ ಅಂದರು, ಹೆಂಡತಿಯಾದವಳು ಬರಬೇಕು.
ಅಮ್ಮ ಅಂದಳು, ಸಮುದ್ರ ನೋಡಿ ಬೆಳೆದವಳು
ಸುರಂಗಕ್ಕೆ ಇಳಿಯುತ್ತಾಳೆಯೇ?
ನಾವಿಬ್ಬರೂ ಒಂದೇ ಮಾತಿಗೆ ಜೋತುಬಿದ್ದೆವು:
ನ್ಯಾಯ. ನಿನಗೆಷ್ಟೋ ನನಗೂ ಅಷ್ಟೇ.
ಆ ದಿನಗಳಲ್ಲಿ ಚಹಾದ ಸಕ್ಕರೆಯನ್ನೂ
ತೂಗಿ ಹಾಕಿಕೊಳ್ಳುತ್ತಿದ್ದೆವು ಅನ್ನಿಸುತ್ತದೆ.

ಮನೆ ತೋರಿಸಿದವನು ಶಾಲ್ವಾ,
ಸಿಗ್ನಲ್ಲಿನ ಸನ್ನೆಗೋಲು ಎಳೆದೆಳೆದು ಒಂದು ಭುಜ ತಗ್ಗಿದವನು.
ಮರದ ಜಗಲಿ. ಹೊಳೆಯ ಸದ್ದು. ಅಂಗಳದಲ್ಲಿ ಅಕ್ರೋಟು,
ಹಸಿರು ಸಿಪ್ಪೆ ಕೊಳೆತು ನೆಲವೆಲ್ಲ ಕಪ್ಪು.
ಒಳಗೊಂದು ಕಬ್ಬಿಣದ ಒಲೆ;
ಅದರ ಬಾಗಿಲು ತೆಗೆದು ಗೋಚಾ ಬಗ್ಗಿ ನೋಡಿದ,
ಯಂತ್ರ ಕಂಡರೆ ಅವನು ಹಾಗೇ.

ಬಾಡಿಗೆ ಕೇಳಿದೆವು. ಕಡಿಮೆಯೇ.
ಶಾಲ್ವಾ ಕೇಳಿದ್ದು ಒಂದೇ ಪ್ರಶ್ನೆ:
"ಇಬ್ಬರಲ್ಲಿ ಇಲ್ಲಿ ಇರುವವರು ಯಾರು?"

ನಾನು ಗೋಚಾನನ್ನು ನೋಡಿದೆ.
ಗೋಚಾ ಒಲೆಯನ್ನು ನೋಡಿದ.
ಅವನು ಐದಕ್ಕೆ ಪಾಳಿ ಹತ್ತಬೇಕು, ನಾನು ಐದಕ್ಕೆ ಇಳಿಯಬೇಕು,
ಅತ್ತಲೂ ಇತ್ತಲೂ ನಾಲ್ಕು ಗಂಟೆಯ ಹಳಿ.
ಸಮ ದೂರ ಎಂದರೆ ಇಬ್ಬರಿಗೂ ದೂರ
ಎಂಬುದು ದಾರಕ್ಕೆ ಗೊತ್ತಿರಲಿಲ್ಲ.
ನ್ಯಾಯ ಬಾಡಿಗೆ ಕಟ್ಟೀತು, ಸರಿ,
ಒಲೆ ಹಚ್ಚುತ್ತದೆಯೇ?

"ಇಲಿಗಳಿಗಾದರೆ," ಅಂದ ಶಾಲ್ವಾ, "ಬಾಡಿಗೆಯೇ ಬೇಡ."

ಬರಿಗೈಲಿ ಹೊರಡಲಾರದೆ ಒಂದು ಚೀಲ ಅಕ್ರೋಟು ಕೊಂಡೆವು.
ಸಂಜೆ ಅಲ್ಲಿ ನಿಲ್ಲುವುದು ಎರಡೇ ರೈಲು,
ಒಂದು ಮೂಡಲಿಗೆ, ಒಂದು ಪಡುವಲಿಗೆ.
ನಿಲ್ದಾಣದ ಬೆಂಚಿನ ಮೇಲೆ ಹಂಚಿಕೊಳ್ಳಲು ಕೂತೆವು,
ನಿನಗೊಂದು ನನಗೊಂದು, ನಿನಗೊಂದು ನನಗೊಂದು,
ಇಪ್ಪತ್ತಾರೋ ಇಪ್ಪತ್ತೇಳೋ ಆದಾಗ
ಗೋಚಾ ಕೈ ನಿಲ್ಲಿಸಿದ. ಎಲ್ಲವನ್ನೂ ವಾಪಸು ಚೀಲಕ್ಕೆ ಸುರಿದ.
"ಖತೂನಾ, ಮೊದಲು ಬರುವ ರೈಲಿಗೆ
ಇಬ್ಬರೂ ಹತ್ತೋಣ."

ಹುಚ್ಚು, ಅಂದೆ. ನಾಳೆ ನನ್ನ ಪಾಳಿ, ಅಂದೆ.
ಹಡಗು ಕಾಯುತ್ತವೆ, ಅಂದ, ಅವಕ್ಕೆ ಕಲಿಸಿದವಳು ನೀನೇ.
ನಕ್ಕೆ. ನಗು ಮುಗಿಯುವ ಮೊದಲೇ ಭಯವಾಯಿತು.
ಹೂಂ, ಅಂದೆ.

ನಮ್ಮನ್ನು ಬಿಡಲು ಬಂದಿದ್ದ ಶಾಲ್ವಾ ಕಟ್ಟೆ ಇಳಿದು
ಬೂಟಿನ ತುದಿಯನ್ನು ಹಳಿಗೆ ತಾಗಿಸಿ ನಿಂತ.
ಮೂವತ್ತೆಂಟು ವರ್ಷ ಅವನ ಅಂಗಾಲು ಓದಿದ್ದು ಅದನ್ನೇ.
ಅವನಿಗೆ ತಿಳಿಯಿತು, ಕಂಡೆ.
ನನ್ನ ಕಡೆ ಒಮ್ಮೆ ನೋಡಿ ಟೋಪಿ ಸರಿಮಾಡಿಕೊಂಡ.
ಹೇಳಲಿಲ್ಲ.

ಇದನ್ನು ಬರೆಯುತ್ತಿರುವ ಕಿಟಕಿಯಿಂದ
ಸಮುದ್ರ ಕಾಣುವುದಿಲ್ಲ.
ಎದುರು ಮನೆಯ ಒಗೆದ ಬಟ್ಟೆ, ಅದರಾಚೆ ಟಿವಿ ಗೋಪುರ.
ಆ ದಾರದಿಂದ ಅವನ ಕೋಟಿನ ಗುಂಡಿ ಹೊಲಿದೆ;
ಮಡಿಕೆ ಎಲ್ಲಿತ್ತೋ ಈಗ ಹುಡುಕಿದರೂ ಸಿಗದು.
ಆ ರೈಲನ್ನು ನಾನಿನ್ನೂ ಪೂರ್ತಿ ಕ್ಷಮಿಸಿಲ್ಲ.

ಕೆಲವು ರಾತ್ರಿ ನಿದ್ದೆಯಲ್ಲಿ
ಕಾಯಿರಿ, ಕಾಯಿರಿ ಅನ್ನುತ್ತೇನಂತೆ.
ಗೋಚಾ ಬೆಳಿಗ್ಗೆ ಹೇಳುತ್ತಾನೆ, ಬೂಟಿನ ದಾರ ಬಿಗಿಯುತ್ತ.
ಯಾರಿಗೆ ಎಂದು
ಅವನು ಇದುವರೆಗೂ ಕೇಳಿಲ್ಲ.