ಸೆಲ್ ಹಾಕಬ್ಯಾಡ್ರಿ

ಶಹಾಬಾದಿನ ಸ್ಟೇಷನ್ ರೋಡಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ.
ಲ್ಯಾಮಿನೇಷನ್ ಮಾಡುತ್ತೇನೆ,
ಆಧಾರಿನ ತಪ್ಪು ಹೆಸರು ತಿದ್ದುವ ಅರ್ಜಿ ತುಂಬುತ್ತೇನೆ.
ಸಕ್ರಿಬಾಯಿ ತಂದದ್ದು ಇದಾವುದೂ ಅಲ್ಲ.
ಒಂದು ಸಿಡಿ. ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದಳಂತೆ,
ಗೀರುಗಳ ತುಂಬ ಹಿಟ್ಟು.

"ನಮ್ಮವರು ಪಾಲಿಶ್ ಕಾರ್ಖಾನ್ಯಾಗ ಹದಿನೇಳ ವರ್ಷ ದುಡದಾರ.
ಪಿಂಚಣಿ ಆಫೀಸಿನ್ಯಾಗ ಕಾಗದ ತಾ ಅಂತಾರ್ರಿ.
ಕಾಗದ ಇದರಾಗ ಅದ ಅಂತ."

ಕಾರ್ಖಾನೆ ಮುಚ್ಚುವ ಹಿಂದಿನ ವರ್ಷ
ಯಾವನೋ ಗುತ್ತಿಗೆದಾರ ಬಂದು, ಹಾಜರಿ ವಹಿಗಳನ್ನೆಲ್ಲ
ಗಾಜಿನ ಮೇಲೆ ಮಕಾಡೆ ಮಲಗಿಸಿ, ಬೆಳಕು ಹಾಯಿಸಿ,
ಇನ್ನು ಕಾಗದ ಬೇಡ ಅಂದನಂತೆ.
ವಹಿಗಳು ರದ್ದಿಗೆ ಹೋದವು, ಕಿಲೋಕ್ಕೆ ಎರಡೂವರೆ.
ಉಳಿದದ್ದು ಇದು, ಯೂನಿಯನ್ನಿನ ಮಸ್ತಾನಸಾಬ
ಸಾಯುವ ಮುಂಚೆ ಮನೆಮನೆಗೆ ಹಂಚಿದ್ದು.

ತಟ್ಟೆ ತಿರುಗಿತು. ನಾನೂರಾ ಹನ್ನೆರಡು ಫೈಲು.
ಚುಕ್ಕಿಯಾಚೆ ನಾನೆಂದೂ ಕಾಣದ ಮೂರಕ್ಷರದ ಬಾಲ.
ಒತ್ತಿದರೆ ಕಂಪ್ಯೂಟರು ನನ್ನನ್ನೇ ಕೇಳುತ್ತದೆ:
ಇದನ್ನು ಯಾವುದರಿಂದ ತೆಗೆಯಲಿ?

ಬಾಲ ಕಡಿದು ಬೇರೆ ಬಾಲ ಅಂಟಿಸಿದೆ.
ಎಮ್ಮೆಗೆ ಕುದುರೆ ಬಾಲ ಕಟ್ಟಿದರೆ ಟಾಂಗಾ ಎಳೆದೀತೆ?
ಹೊಟ್ಟೆ ಸೀಳಿ ನೋಡಿದೆ, ಬರೇ ಅಂಕಿ,
ನಡುನಡುವೆ ಉದ್ದಕ್ಕೂ ಸೊನ್ನೆ ಸೊನ್ನೆ ಸೊನ್ನೆ.
ಯಾರೂ ಏನೂ ಬರೆಯದ ಜಾಗವಿರಬೇಕು.
ಅದನ್ನು ಓದಬಲ್ಲ ಕಂಪನಿ ಇನ್ನೊಂದಕ್ಕೆ ಮಾರಿಹೋಗಿತ್ತು,
ಆ ಇನ್ನೊಂದು ಮತ್ತೊಂದಕ್ಕೆ.

ಸಕ್ರಿಬಾಯಿ ಬಾಕಿನ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತ,
"ಕಲ್ಲು ತಾನ ಪದರಾ ಬಿಡ್ತದ್ರಿ. ಉಳಿ ಎಲ್ಲಿಡಬೇಕು,
ಅಷ್ಟ ಗೊತ್ತಿರಬೇಕು" ಅಂದಳು.

ಮೂರನೇ ದಿನ ನೆನಪಾಯಿತು: ಭಾವನ ಅಟ್ಟದ ಮೇಲೆ
ಟೈಪಿಂಗ್ ಕ್ಲಾಸು ಕಾಲದ ಪೆಟ್ಟಿಗೆ.
ಇಲಿಹಿಕ್ಕೆ ಗುಡಿಸಿ ಕರೆಂಟು ಕೊಟ್ಟೆ.
ದಮ್ಮು ಹತ್ತಿದವನ ಹಾಗೆ ಕೆಮ್ಮಿ ಎದ್ದಿತು.
ಗಡಿಯಾರದ ಸೆಲ್ ಒಳಗೇ ಸತ್ತಿತ್ತು. ಪರದೆಯ ಮೂಲೆಯಲ್ಲಿ
ಒಂದನೇ ಜನವರಿ, ಹತ್ತೊಂಬತ್ತುನೂರಾ ತೊಂಬತ್ತೆಂಟು.

ಸಿಡಿಯೊಳಗೇ ಗುತ್ತಿಗೆದಾರ ಬಿಟ್ಟುಹೋದ ಪ್ರೋಗ್ರಾಮು ಸಿಕ್ಕಿತು.
ಪುಕ್ಕಟೆ, ಮೂವತ್ತು ದಿನಕ್ಕೆ ಮಾತ್ರ.
ಈ ಪೆಟ್ಟಿಗೆಗೆ ಮೂವತ್ತು ದಿನ ತುಂಬುವುದೇ ಇಲ್ಲ:
ರಾತ್ರಿ ಆರಿಸಿದರೆ ಬೆಳಿಗ್ಗೆ ಮತ್ತೆ ಒಂದನೇ ತಾರೀಖು.
ಒಂದೊಂದೇ ಫೈಲು ತೆರೆದು, ಫೋಟೋ ಮಾಡಿ ಉಳಿಸಿ,
ದಿನಕ್ಕೆ ಹತ್ತೋ ಹನ್ನೆರಡೋ, ಗಿರಾಕಿ ಇಲ್ಲದಾಗ.

ಪಕ್ಕದ ಮೊಬೈಲ್ ಅಂಗಡಿಯ ಹುಡುಗ ಹಣಿಕಿ ಹಾಕಿ,
"ಇಪ್ಪತ್ತೈದ ರೂಪಾಯಿ ಸೆಲ್ ಅಣ್ಣಾ, ಹಾಕಿಬಿಡಲೇನು?"
ಸಕ್ರಿಬಾಯಿ ಪರದೆ ನೋಡುತ್ತ ಕೇಳಿದಳು,
"ಅದರಾಗ ಇವತ್ತು ಎಷ್ಟನೇ ಇಸ್ವಿರಿ?"
ಹೇಳಿದೆ.
ಎಲೆ ಅಗಿಯುವುದು ನಿಂತಿತು.
"ಹಂಗಾದ್ರ ಅವರು ಸೆಕೆಂಡ್ ಶಿಫ್ಟಿಗೆ ಹೋಗ್ಯಾರ.
ಸೆಲ್ ಹಾಕಬ್ಯಾಡ್ರಿ."

ಇನ್ನೂರಾ ಎಂಬತ್ತೇಳನೆಯದರಲ್ಲಿ ಸಿಕ್ಕ.
ಹೇಮ್ಲಾ ಪೋಮು ಚವ್ಹಾಣ, ಪಾಲಿಶ್ ವಿಭಾಗ.
ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನದೊಂದು ಕಪ್ಪು ಮುದ್ದೆ.
ಗೆರೆಯೇ ಇಲ್ಲ. ಹಿಗ್ಗಿಸಿ ನೋಡಿದೆ, ಒಂದೂ ಇಲ್ಲ.
ಹದಿನೇಳು ವರ್ಷ ಫರಸಿ ಉಜ್ಜಿದ ಕೈ,
ಕಲ್ಲಿನ ಜೊತೆಗೇ ನುಣುಪಾಗಿತ್ತು.

ಉಳಿಸುವ ಮುಂಚೆ ಪ್ರೋಗ್ರಾಮು ವಿನಯದಿಂದ ಕೇಳಿತು:
ಪುಟದಲ್ಲಿ ಕಲೆಗಳಿವೆ, ಅಳಿಸಲೇ?
ಬೇಡ ಎಂದು ಒತ್ತಿದೆ. ತಪ್ಪಿ ಹೋದೀತೆಂದು
ಮತ್ತೊಮ್ಮೆ ನೋಡಿ ಒತ್ತಿದೆ.

"ಇದು ಅವರದ" ಅಂದಳು, ಓದು ಬಾರದವಳು,
ಹೆಸರು ನೋಡದೆ ಮುದ್ದೆ ನೋಡಿ.
ಆಫೀಸಿನವರು ಒಪ್ಪುತ್ತಾರೋ ಇಲ್ಲವೋ, ಗೊತ್ತಿಲ್ಲ.
ಎರಡು ಪ್ರತಿಗೆ ನಾಲ್ಕು ರೂಪಾಯಿ ಎಣಿಸಿಟ್ಟು ಹೋದಳು,
ಚಿಲ್ಲರೆಗೂ ಹಿಟ್ಟು.

ಇನ್ನೂ ನೂರಾ ಇಪ್ಪತ್ತೈದು ಉಳಿದಿವೆ.
ಯಾರೂ ಕೇಳಿ ಬಂದಿಲ್ಲ. ಹೊರಗೆ ಮೇ ತಿಂಗಳ ಬಿಸಿಲಿಗೆ
ಅಂಗಡಿಯ ಫರಸಿ ಕಾದ ಹಂಚು.
ಬೆಳಿಗ್ಗೆ ಗುಂಡಿ ಒತ್ತುತ್ತೇನೆ, ಕೆಮ್ಮುತ್ತದೆ.
ಒಂದನೇ ಜನವರಿ.
ಇಸ್ಮಾಯಿಲ್ ಮಕಾನದಾರ, ಗರಗಸ ವಿಭಾಗ.
ಹಾಜರ್.